28 ಮೆಗಾಹರ್ಟ್ಸ್‌ಗೆ ತಿರುಗಿಸಿದ ಹಳೇ ಸಿಬಿ ಸೆಟ್: ಕೊಳ್ಳುವ ಮೊದಲು ನಾನು ನೋಡುವುದು

ನನ್ನ ಕೈಗೆ ಸಿಕ್ಕ ಹಳೇ ಸಿಬಿ (ಸಿಟಿಜನ್ಸ್ ಬ್ಯಾಂಡ್, ಸಾಮಾನ್ಯರು ಪರಸ್ಪರ ಮಾತಾಡುವ) ರೇಡಿಯೋಗಳಲ್ಲಿ ಹೆಚ್ಚಿನವು ಗಲ್ಫ್‌ನಿಂದ ಬಂದವು. ಯಾರದ್ದೋ ಮಾವ ಅಲ್ಲಿ ಲಾರಿ ಓಡಿಸುತ್ತಿದ್ದರು, ಊರಿಗೆ ಬರುವಾಗ ತಂದರು, ಆಮೇಲೆ ಅದು ಅಟ್ಟ ಸೇರಿತು. ಉಳಿದವು ಬೇರೆ ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಇರುವ ಹವ್ಯಾಸಿ ರೇಡಿಯೋದವರು, ಕೊಟ್ಟವು. ಮಂಗಳೂರಿನಲ್ಲಿ ಇಂಥ ಸೆಟ್ ಸಿಗುವುದು ಅಂಗಡಿಯಲ್ಲಿ ಅಲ್ಲ, ಬಾಯಿಂದ ಬಾಯಿಗೆ ಬಂದ ಸುದ್ದಿಯಲ್ಲಿ. ಅವುಗಳಲ್ಲಿ ಕೆಲವನ್ನು ಮೊದಲೇ ಯಾರೋ ಬಿಚ್ಚಿ, ಹ್ಯಾಮ್‌ಗಳ 10 ಮೀಟರ್ ಬ್ಯಾಂಡಿಗೆ ತಿರುಗಿಸಿರುತ್ತಾರೆ. ನಾನು ಹುಡುಕುವುದು ಅಂಥವನ್ನೇ.

ಕಾರಣ ಸರಳ. ಅಮೆರಿಕದ ಸಿಬಿ 26.965ರಿಂದ 27.405 ಮೆಗಾಹರ್ಟ್ಸ್ ತನಕ, 40 ಚಾನೆಲ್. ನಮ್ಮ 10 ಮೀಟರ್ ಬ್ಯಾಂಡ್ ಶುರುವಾಗುವುದು 28ರಲ್ಲಿ, ಮುಗಿಯುವುದು 29.7ರಲ್ಲಿ. ನಡುವೆ ಅಂತರ ಬಹಳ ಕಡಿಮೆ. ಒಳ್ಳೆಯ ಹೊಸ ಎಚ್‌ಎಫ್ (ದೂರ ಮಾತಾಡುವ ಹ್ಯಾಮ್) ಸೆಟ್ ಲಕ್ಷ ದಾಟುತ್ತದೆ. ಎಸ್‌ಎಸ್‌ಬಿ (ಕಡಿಮೆ ಜಾಗದಲ್ಲಿ ಸ್ವರವನ್ನು ದೂರಕ್ಕೆ ಕಳಿಸುವ ರೀತಿ) ಇರುವ ಹಳೇ ಸಿಬಿ ಸೆಟ್ಟಿಗೆ ಅದರ ಸಣ್ಣ ಪಾಲು ಸಾಕು. ಪವರ್ ಎಸ್‌ಎಸ್‌ಬಿಯಲ್ಲಿ 12 ವ್ಯಾಟ್, ಎಎಮ್‌ನಲ್ಲಿ (ಹಳೇ ರೇಡಿಯೋ ಸ್ಟೇಷನ್‌ಗಳ ರೀತಿ) 4. ಕಡಿಮೆ ಅನಿಸಬಹುದು. ಆದರೆ ಸೂರ್ಯ ಚುರುಕಾದರೆ ಈ ಬ್ಯಾಂಡ್ ದೂರ ಮುಟ್ಟುತ್ತದೆ; ಸೂರ್ಯನ ಕಲೆಗಳು ಏರಿ ಇಳಿಯುವ 25ನೇ ಚಕ್ರ 2024ರಲ್ಲಿ ಏರುಮಟ್ಟ ಮುಟ್ಟಿದಾಗ, ಮಧ್ಯಾಹ್ನದ ಮೇಲೆ ಇಲ್ಲಿಂದ ಯುರೋಪಿಗೆ ಅಷ್ಟೇ ಪವರ್‌ನಲ್ಲಿ ಮಾತಾಡಿದ್ದೇನೆ. ಎಎಮ್ ಮಾತ್ರ ಇರುವ ಸೆಟ್ ಬಿಟ್ಟಿ ಕೊಟ್ಟರೂ ನನಗೆ ಬೇಡ. 10 ಮೀಟರ್‌ನಲ್ಲಿ ಹೆಚ್ಚಿನ ಮಾತುಕತೆ ನಡೆಯುವುದೇ ಎಸ್‌ಎಸ್‌ಬಿಯಲ್ಲಿ.

ಲೈಸೆನ್ಸ್ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಸಿಬಿಗೆ ಲೈಸೆನ್ಸ್ ಬೇಡದ ಜಾಗ 26.957ರಿಂದ 27.283 ಮೆಗಾಹರ್ಟ್ಸ್, ಅದೂ 5 ವ್ಯಾಟ್ ತನಕ. 2005ರ ನಿಯಮ ಅದು. ಅಂದರೆ ಅಮೆರಿಕದ ಸೆಟ್ಟಿನ 28ನೇ ಚಾನೆಲ್‌ನಿಂದ ಮೇಲಿನದೆಲ್ಲ ಇಲ್ಲಿ ಮಿತಿಯ ಹೊರಗೆ. ಇನ್ನು 28 ಮೆಗಾಹರ್ಟ್ಸ್‌ನಲ್ಲಿ ಮಾತಾಡಲು ವಿಯು2 ಅಥವಾ ವಿಯು3ರಿಂದ ಶುರುವಾಗುವ ಕಾಲ್‌ಸೈನ್ (ಹ್ಯಾಮ್ ಲೈಸೆನ್ಸಿನ ಗುರುತು) ಬೇಕೇ ಬೇಕು. ಪರೀಕ್ಷೆ ಬರೆಯದವರು ಮೊದಲು ಅದನ್ನು ಮುಗಿಸಿ, ಸೆಟ್ ಆಮೇಲೆ. ನಾನು ಕೊಂಡ ಪ್ರತಿ ಸೆಟ್ಟಿಗೂ ಮಾರಿದವರ ಹೆಸರು, ತಾರೀಕು, ಸೀರಿಯಲ್ ನಂಬರ್ ಬರೆದು ಸಹಿ ಹಾಕಿಸಿಕೊಂಡಿದ್ದೇನೆ. ಹ್ಯಾಮ್ ಆಗಿದ್ದರೆ ಕಾಲ್‌ಸೈನ್ ಕೂಡ.

ಈಗ ಮುಖ್ಯ ವಿಷಯ. ತಿರುಗಿಸಿದ ಸೆಟ್ ಕೊಳ್ಳುವಾಗ ಕಂಪನಿ ಹೆಸರು ಅರ್ಧ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದನ್ನು ಬಿಚ್ಚಿದವನ ಕೈ ಹೇಗಿತ್ತು ಎಂಬುದೇ ಉಳಿದದ್ದು. ಕೋಬ್ರಾ 148 ಜಿಟಿಎಲ್ ಎಷ್ಟೇ ಒಳ್ಳೆಯ ಸೆಟ್ ಆಗಿರಲಿ, ಗೊತ್ತಿಲ್ಲದವನ ಸ್ಕ್ರೂಡ್ರೈವರ್ ಒಳಗೆ ಹೋಗಿ ಬಂದಿದ್ದರೆ ಅದು ಬಿಡಿಭಾಗದ ಪೆಟ್ಟಿಗೆ ಅಷ್ಟೇ. ಹಾಗಾಗಿ ಮುಚ್ಚಳ ತೆಗೆಯಲು ಬಿಡದವರ ಹತ್ತಿರ ನಾನು ರೇಟು ಸಹ ಕೇಳುವುದಿಲ್ಲ.

ಸುರತ್ಕಲ್ ಕಡೆಯ ಒಬ್ಬರು ಒಮ್ಮೆ ಬಹಳ ಹುರುಪಿನಲ್ಲಿ ತೋರಿಸಿದ್ದರು. "ಎಲ್ಲ ಓಪನ್ ಉಂಟು ಮಾರಾಯ್ರೆ, 26ರಿಂದ 29ರವರೆಗೆ ಹೋಗ್ತದೆ, ಮಾಡ್ಯುಲೇಶನ್ ಸಹ ಜಾಸ್ತಿ ಮಾಡಿಸಿದ್ದು." ಅವರಿಗೆ ಅದು ಹೆಚ್ಚುಗಾರಿಕೆ. ನನಗೆ ಅವು ಎರಡೂ ಬೆಲೆ ಇಳಿಸುವ ಕಾರಣಗಳು. ಅಷ್ಟು ಅಗಲಕ್ಕೆ ಎಳೆದ ಸೆಟ್ ಒಂದು ತುದಿಯಲ್ಲಿ ಪೂರ್ತಿ ಪವರ್ ಕೊಟ್ಟರೆ ಇನ್ನೊಂದು ತುದಿಯಲ್ಲಿ ಸೋಲುತ್ತದೆ. ಒಳಗಿನ ಕಾಯಿಲ್‌ಗಳನ್ನು ಒಂದು ಜಾಗಕ್ಕೆ ಟ್ಯೂನ್ ಮಾಡಬಹುದು, ಎಲ್ಲ ಜಾಗಕ್ಕೂ ಅಲ್ಲ. ಮೇಲಾಗಿ 26ರಿಂದ 28ರ ನಡುವೆ ಹ್ಯಾಮ್‌ಗೆ ಕೆಲಸ ಇಲ್ಲ. ಇನ್ನು "ಮಾಡ್ಯುಲೇಶನ್ ಜಾಸ್ತಿ" ಅಂದರೆ ಹೆಚ್ಚಾಗಿ ಸ್ವರ ಅತಿಯಾಗದಂತೆ ತಡೆಯುವ ಲಿಮಿಟರ್ ಟ್ರಾನ್ಸಿಸ್ಟರ್ ಕತ್ತರಿಸಿದ್ದಾರೆ ಎಂದೇ ಅರ್ಥ. ಆಗ ಎಎಮ್‌ನಲ್ಲಿ ಸ್ವರ ಒಡೆದು ಅಕ್ಕಪಕ್ಕದ ಚಾನೆಲ್‌ಗಳ ಮೇಲೆಲ್ಲ ಚೆಲ್ಲುತ್ತದೆ. ಮುಚ್ಚಳ ತೆಗೆದರೆ ಕತ್ತರಿಸಿದ ಕಾಲು ಕಣ್ಣಿಗೆ ಬೀಳುತ್ತದೆ. ಅದನ್ನು ಮತ್ತೆ ಹಾಕುವುದು ಕಷ್ಟ ಅಲ್ಲ. ಆದರೆ ಅದನ್ನು ಕತ್ತರಿಸಿದ ಕೈ ಬೇರೆ ಏನೆಲ್ಲ ಮುಟ್ಟಿದೆಯೋ!

ನಾನು ಮೊದಲು ನೋಡುವುದು ಕಾಯಿಲ್ ಡಬ್ಬಿಗಳ ಒಳಗೆ ಟ್ಯೂನ್ ಮಾಡಲು ತಿರುಗಿಸುವ ಫೆರೈಟ್ ತುಂಡುಗಳನ್ನು. ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ್ದರೆ ಅಂಚು ಒಡೆದಿರುತ್ತದೆ. ಒಂದೆರಡು ಒಡೆದಿದ್ದರೆ ನೋಡೋಣ. ಎಲ್ಲವೂ ಒಡೆದಿದ್ದರೆ "ಚಹಾ ಚೆನ್ನಾಗಿತ್ತು" ಎಂದು ಹೇಳಿ ಎದ್ದು ಬರುತ್ತೇನೆ. ಆಮೇಲೆ ಪವರ್ ವಯರ್. ಕಾರಿನ ಸೆಟ್ ಅಲ್ವಾ, ಪ್ಲಸ್ ಮೈನಸ್ ತಪ್ಪಿದರೆ ಉಳಿಯಲಿ ಎಂದು ಒಳಗೊಂದು ಡಯೋಡ್ ಇರುತ್ತದೆ. ಉಲ್ಟಾ ಕೊಟ್ಟರೆ ಅದು ಶಾರ್ಟ್ ಆಗಿ ಫ್ಯೂಸ್ ಹಾರಿಸುತ್ತದೆ. ಡಯೋಡ್ ಕಿತ್ತು ಹಾಕಿ, ಫ್ಯೂಸ್ ಜಾಗಕ್ಕೆ ತಂತಿ ಸುತ್ತಿದ ಸೆಟ್ ಕಂಡರೆ ಹಿಂದೆ ಒಮ್ಮೆ ಏನು ನಡೆದಿದೆ ಎಂದು ಕೇಳಬೇಕಾಗಿಯೇ ಇಲ್ಲ.

ಮೂರನೆಯದು ಫೈನಲ್ ಟ್ರಾನ್ಸಿಸ್ಟರ್, ಅಂದರೆ ಸಿಗ್ನಲ್‌ಗೆ ಕೊನೆಯ ಬಲ ಕೊಟ್ಟು ಆಂಟೆನಾಕ್ಕೆ ಕಳಿಸುವುದು. 148 ಜಿಟಿಎಲ್‌ನಂಥ ಸೆಟ್‌ಗಳಲ್ಲಿ ಅದು 2ಎಸ್‌ಸಿ1969, ಅದನ್ನು ದೂಡುವುದು 2ಎಸ್‌ಸಿ2166. ಎರಡೂ ಹಳೇ ಕಾಲದವು, 2ಎಸ್‌ಸಿ1969ರ ನಕಲಿ ಮಾಲು ಎಲ್ಲ ಕಡೆ ಉಂಟು. ಸೋಲ್ಡರ್ ಹೊಸದಾಗಿ ಹೊಳೆಯುತ್ತಿದ್ದರೆ, ಮೇಲಿನ ಅಕ್ಷರ ಉಗುರಿಗೆ ಉಜ್ಜಿ ಹೋಗುತ್ತಿದ್ದರೆ, ಪವರ್ ಮೀಟರ್ ನೋಡದೆ ಮಾತು ಮುಂದುವರಿಸುವುದಿಲ್ಲ.

ನಮ್ಮ ಕರಾವಳಿಯದೇ ಒಂದು ಸಮಸ್ಯೆ ಉಪ್ಪು ಗಾಳಿ. ಬಂದರು, ಉಳ್ಳಾಲ, ಮಲ್ಪೆ ಕಡೆ ಇಟ್ಟ ಸೆಟ್ ಹೊರಗಿನಿಂದ ಚಂದ ಕಂಡರೂ ಹಿಂದಿನ ಆಂಟೆನಾ ಸಾಕೆಟ್‌ನಲ್ಲಿ ಹಸಿರು ಕಿಲುಬು ಇರುತ್ತದೆ. ಚಾನೆಲ್ ಸ್ವಿಚ್‌ನೊಳಗೂ ಅದೇ ಕಥೆ. ಮಳೆಗಾಲ ಕಳೆದ ಮೇಲೆ ತಿರುಗಿಸಿ ನೋಡಿ, ಯಾವುದೋ ಚಾನೆಲ್‌ನಲ್ಲಿ ಅದರ ನಂಬರ್ ಕಾಣುತ್ತದೆ, ಇನ್ನೊಂದರಲ್ಲಿ ಮಾಯ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಎಷ್ಟೋ ಸಲ ಸರಿಯಾಗುತ್ತದೆ. ಬೋರ್ಡಿನ ತಾಮ್ರದ ಗೆರೆಯನ್ನೇ ಉಪ್ಪು ತಿಂದಿದ್ದರೆ ಮಾತ್ರ ಬಿಟ್ಟುಬಿಡಿ.

ತಿರುಗಿಸಿದ ರೀತಿ ಯಾವುದು ಎಂದು ತಿಳಿಯಲು ಒಂದು ಕಾಗದ, ಪೆನ್ನು ಸಾಕು. ಹಳೇ ಸೆಟ್‌ಗಳಲ್ಲಿ ಫ್ರೀಕ್ವೆನ್ಸಿ ನಿಗದಿ ಮಾಡುವ ಪಿಎಲ್‌ಎಲ್ ಚಿಪ್ 10.240 ಮೆಗಾಹರ್ಟ್ಸ್ ಕ್ರಿಸ್ಟಲನ್ನು 1024ರಿಂದ ಭಾಗಿಸಿ 10 ಕಿಲೋಹರ್ಟ್ಸ್ ಹೆಜ್ಜೆ ಮಾಡಿಕೊಳ್ಳುತ್ತದೆ. ಆ ಕ್ರಿಸ್ಟಲನ್ನು ಯಾರೂ ಮುಟ್ಟಬಾರದು. ಬದಲಿಸುವುದು ಪಕ್ಕದ ಮಿಕ್ಸಿಂಗ್ ಕ್ರಿಸ್ಟಲನ್ನು. ಆಗ 40 ಚಾನೆಲ್ ಒಟ್ಟಿಗೆ ಮೇಲೆ ಹೋಗುತ್ತವೆ. ನನಗೆ ಇಷ್ಟವಾದದ್ದು 1.335 ಮೆಗಾಹರ್ಟ್ಸ್ ಏರಿಸಿದ ಸೆಟ್. ಅದರಲ್ಲಿ 1ನೇ ಚಾನೆಲ್ 28.300, 9ನೇದು 28.400, 40ನೇದು 28.740. ಜನ ಜಾಸ್ತಿ ಸಿಗುವ ಜಾಗವೆಲ್ಲ ಒಳಗೆ ಬಂತು.

ಇಲ್ಲೊಂದು ತಮಾಷೆ ಉಂಟು. ಸಿಬಿ ಚಾನೆಲ್‌ಗಳು ಒಂದರ ಪಕ್ಕ ಒಂದು ಸಾಲಾಗಿ ಇಲ್ಲ. 3ನೇದು 26.985, 4ನೇದು 27.005, ನಡುವಿನ 26.995 ಬಿಟ್ಟುಹೋಗಿದೆ. ಹೀಗೆ ಐದು ಕಡೆ ಬಿಟ್ಟಿದ್ದಾರೆ. ಮತ್ತೆ 22, 23, 24, 25 ಕ್ರಮವಾಗಿ ಇಲ್ಲ; 23 ಮೇಲಕ್ಕೆ ಹಾರಿ 25ರ ಆಚೆ ಕೂತಿದೆ. ಕ್ರಿಸ್ಟಲ್ ಬದಲಿಸಿದರೂ ಈ ಸೊಟ್ಟ ಹಾಗೇ ಉಳಿಯುತ್ತದೆ. ನನ್ನ ಸೆಟ್ಟಿನಲ್ಲಿ 28.330 ಇಲ್ಲವೇ ಇಲ್ಲ. 22ರಲ್ಲಿ 28.560, 23ಕ್ಕೆ ತಿರುಗಿಸಿದರೆ 28.590, 24ಕ್ಕೆ ಮತ್ತೆ ಕೆಳಗೆ 28.570. ಸೆಟ್ಟಿನ ಮೇಲೆ ಪಟ್ಟಿ ಅಂಟಿಸಿಕೊಳ್ಳದೆ ಬೇರೆ ದಾರಿ ಇಲ್ಲ. ಮಾರುವವರ ಹತ್ತಿರ ಇಂಥ ಪಟ್ಟಿ ಇದ್ದರೆ ತಿರುಗಿಸಿದವನಿಗೆ ಕೆಲಸ ಗೊತ್ತಿತ್ತು ಎಂದು ನನ್ನ ಲೆಕ್ಕ.

ಹೆಜ್ಜೆಗಳ ನಡುವೆ ಹೋಗಲು ಕ್ಲಾರಿಫೈಯರ್ (ಫ್ರೀಕ್ವೆನ್ಸಿಯನ್ನು ಚೂರು ಸರಿಸುವ ನಾಬ್) ಬೇಕು. ಕಂಪನಿಯಿಂದ ಬಂದಾಗ ಅದು ಕೇಳುವುದನ್ನು ಮಾತ್ರ ಅತ್ತಿತ್ತ ಸರಿಸುತ್ತದೆ, ಕಳಿಸುವುದನ್ನು ಅಲ್ಲ. ಹ್ಯಾಮ್ ಕೆಲಸಕ್ಕೆ ಎರಡೂ ಒಟ್ಟಿಗೆ ಸರಿಯಬೇಕು. ಹಾಗಾಗಿ ನಾನು ಒಪ್ಪುವ ಬದಲಾವಣೆ ಇದೊಂದು. ಸರಿಯಾಗಿ ಮಾಡದಿದ್ದರೆ ಸೆಟ್ ಬಿಸಿಯಾದ ಹಾಗೆ ಫ್ರೀಕ್ವೆನ್ಸಿ ಜಾರುತ್ತದೆ, ಆಚೆಯವನಿಗೆ ನೀವು ಮೂಗು ಹಿಡಿದು ಮಾತಾಡಿದ ಹಾಗೆ ಕೇಳುತ್ತದೆ. ನಮ್ಮ ಏಪ್ರಿಲ್ ಸೆಕೆಯಲ್ಲಿ ಇದು ಬೇಗ ಗೊತ್ತಾಗುತ್ತದೆ. ಅರ್ಧ ಗಂಟೆ ಆನ್ ಇಟ್ಟು ಫ್ರೀಕ್ವೆನ್ಸಿ ಅಳೆಯುವ ಕೌಂಟರ್‌ನಲ್ಲಿ ನೋಡಿ.

ನೋಡಲು ಹೋಗುವಾಗ ನನ್ನ ಚೀಲದಲ್ಲಿ ಸಣ್ಣ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ಹೀರಿಕೊಳ್ಳುವುದು), ವ್ಯಾಟ್ ಮೀಟರ್, ಫ್ರೀಕ್ವೆನ್ಸಿ ಕೌಂಟರ್ ಇರುತ್ತವೆ. ಲ್ಯಾಪ್‌ಟಾಪ್‌ಗೆ ಚುಚ್ಚುವ ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್ (ಸಿಗ್ನಲನ್ನು ಪರದೆಯಲ್ಲಿ ತೋರಿಸುವ ಸಣ್ಣ ರಿಸೀವರ್) ಕೂಡ. 13.8 ವೋಲ್ಟ್ ಸಪ್ಲೈ ಬೇಕು, ಇಲ್ಲದಿದ್ದರೆ ಕಾರಿನ ಬ್ಯಾಟರಿ. ಆಂಟೆನಾ ಹಾಕಿ ಪರೀಕ್ಷೆ ಮಾಡುವುದಿಲ್ಲ, ಎಲ್ಲವೂ ಡಮ್ಮಿ ಲೋಡ್‌ನಲ್ಲೇ. ಡಾಂಗಲ್‌ನಲ್ಲಿ ಸಿಗ್ನಲ್ ಒಂದೇ ಕಡೆ ತೆಳ್ಳಗೆ ನಿಂತಿದ್ದರೆ ಒಳ್ಳೆಯದು. ಅಕ್ಕಪಕ್ಕ ಪುಡಿಪುಡಿ ಮರಿ ಸಿಗ್ನಲ್‌ಗಳು ಕಂಡರೆ ಕಾಯಿಲ್ ಸರಿ ಕೂತಿಲ್ಲ, ಅಥವಾ ಪಿಎಲ್‌ಎಲ್ ಸರಿಯಾಗಿ ಲಾಕ್ ಆಗಿಲ್ಲ.

ಮೈಕ್ ಬಗ್ಗೆ ಒಂದು ಮಾತು. ಹೆಚ್ಚಿನ ಸಿಬಿ ಸೆಟ್‌ಗಳಲ್ಲಿ ಸ್ಪೀಕರ್‌ನ ದಾರಿ ಮೈಕಿನ ಬಟನ್ ಮೂಲಕವೇ ಹೋಗುತ್ತದೆ. ಮೈಕ್ ಚುಚ್ಚದಿದ್ದರೆ ಸೆಟ್ಟಿನಿಂದ ಉಸಿರೂ ಬರುವುದಿಲ್ಲ. ಮೈಕ್ ಕಳೆದುಕೊಂಡವರು "ಸತ್ತಿದೆ" ಎಂದುಕೊಂಡು ಗುಜರಿ ರೇಟಿಗೆ ಕೊಡುತ್ತಾರೆ. ನಾನು ಮೈಕ್ ಇಲ್ಲದ್ದೇ ಕಾರಣ ಇರಬಹುದು ಎಂದು ಹೇಳಿಯೇ ಕೊಂಡಿದ್ದೇನೆ, ಆದರೂ ರೇಟು ಜಾಸ್ತಿ ಏರಲಿಲ್ಲ. ಬೇರೆ ಕಂಪನಿಯ ಮೈಕ್ ಹಾಗೇ ಚುಚ್ಚಬೇಡಿ. ನಾಲ್ಕೇ ಪಿನ್ ಇದ್ದರೂ ಒಳಗಿನ ವಯರ್ ಜೋಡಣೆ ಬೇರೆ ಬೇರೆ.

ಸಿಬಿ ಆಂಟೆನಾ ಜೊತೆಗೆ ಕೊಟ್ಟರೆ ಬೇಡ ಎನ್ನಬೇಡಿ. 27.185ಕ್ಕೆ ಅಲೆಯುದ್ದದ ಕಾಲುಭಾಗದ ಆಂಟೆನಾ ಸುಮಾರು 2.62 ಮೀಟರ್, 28.5ಕ್ಕೆ 2.50. ಅಂಥ ಪೂರ್ತಿ ಉದ್ದದ್ದಾದರೆ ಹನ್ನೆರಡು ಸೆಂಟಿಮೀಟರ್ ಕತ್ತರಿಸಿದರೆ ಆಯಿತು. ನನ್ನದು ಮಾತ್ರ ಎರಡು ತೆಂಗಿನ ಮರಗಳ ನಡುವೆ ಕಟ್ಟಿದ ತಂತಿ ಆಂಟೆನಾ (ಡೈಪೋಲ್), ಒಂದೊಂದು ಕಡೆ ಎರಡೂವರೆ ಮೀಟರ್. ಮೇ ತಿಂಗಳ ಸಿಡಿಲಿಗೆ ಕೇಬಲ್ ಕಿತ್ತು ಕಿಟಕಿಯ ಹೊರಗೆ ಹಾಕುತ್ತೇನೆ.

ಬ್ಯಾಂಡ್ ತೆರೆದಿದೆಯಾ, ಅಂದರೆ ದೂರದ ಸಿಗ್ನಲ್ ಬರುತ್ತಿದೆಯಾ ಎಂದು ತಿಳಿಯಲು 28.200ರ ಬೀಕನ್ (ತಾನಾಗಿ ಸಿಗ್ನಲ್ ಕಳಿಸುವ ಸ್ಟೇಷನ್) ಕೇಳುತ್ತೇನೆ. ನನ್ನ ಸಿಬಿ ಸೆಟ್ ಅಷ್ಟು ಕೆಳಗೆ ಇಳಿಯುವುದಿಲ್ಲ, ಅದಕ್ಕೆ ಡಾಂಗಲ್ ಸಾಕು. ಜಗತ್ತಿನ 18 ಸ್ಟೇಷನ್‌ಗಳು ಹತ್ತು ಹತ್ತು ಸೆಕೆಂಡಿನಂತೆ ಸರದಿಯಲ್ಲಿ ಬರುತ್ತವೆ, ಮೂರು ನಿಮಿಷಕ್ಕೆ ಒಂದು ಸುತ್ತು. ಹಾಂಗ್‌ಕಾಂಗ್‌ನ ವಿಆರ್2ಬಿ, ಇಸ್ರೇಲ್‌ನ 4ಎಕ್ಸ್6ಟಿಯು, ಕೀನ್ಯಾದ 5ಝೆಡ್4ಬಿ ಎಲ್ಲ ಅದರಲ್ಲಿವೆ. ಮೋರ್ಸ್‌ನಲ್ಲಿ ಕಾಲ್‌ಸೈನ್ ಆದ ಮೇಲೆ ನಾಲ್ಕು ಗೆರೆ, ಅಂದರೆ ಉದ್ದ ಸದ್ದು: 100 ವ್ಯಾಟ್, 10, 1, ಕೊನೆಗೆ 0.1. ಎರಡನೇ ಗೆರೆ ಕೇಳಿಸಿತೋ, ಆ ದಿಕ್ಕಿಗೆ ನನ್ನ 12 ವ್ಯಾಟ್ ಸಾಕು. ಆಗ 9ನೇ ಚಾನೆಲ್‌ಗೆ ತಿರುಗಿಸಿ ಕರೆಯಲು ಕೂರುತ್ತೇನೆ.