ಬಳ್ಳಾರಿ ಧೂಳಿನಲ್ಲಿ 1.3 ಡೀಸೆಲ್ ಎಂಜಿನ್ ಉಳಿಸಿಕೊಳ್ಳುವುದು ಹೇಗೆ

ಸ್ವಿಫ್ಟ್ ಡೀಸೆಲ್, ಡಿಜೈರ್, ರಿಟ್ಜ್, ಬ್ರೆಝಾ, ವಿಸ್ಟಾ ಕ್ವಾಡ್ರಾಜೆಟ್, ಪುಂಟೊ, ಲಿನಿಯಾ: ಇವುಗಳ ಹಳೆಯ ಡೀಸೆಲ್ ಗಾಡಿಗಳ ಬಾನೆಟ್ ಎತ್ತಿದರೆ ಎಲ್ಲದರಲ್ಲೂ ಒಂದೇ ಮನೆತನದ ಎಂಜಿನ್, ಫಿಯಟ್‌ನ 1.3 ಮಲ್ಟಿಜೆಟ್. ಬಂದದ್ದು 2003ರಲ್ಲಿ. ನಾಲ್ಕು ಸಿಲಿಂಡರ್, 1248 ಸಿಸಿ. ಸಾದಾ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಇದ್ದದ್ದು 75 ಪಿಎಸ್ (ಅಶ್ವಶಕ್ತಿ), ರೆಕ್ಕೆಯ ಕೋನ ಬದಲಾಗುವ ವಿಜಿಟಿ ಟರ್ಬೊ ಇದ್ದದ್ದು 90. ಹೊಗೆಯ ಹೊಸ ನಿಯಮ ಬಿಎಸ್6 ಬಂದಾಗ, 2020ರಲ್ಲಿ, ಮಾರುತಿ ಇದನ್ನು ಕೈಬಿಟ್ಟಿತು. ಹಾಗಾಗಿ ಈಗ ಮಾರುತಿಯಲ್ಲಿ ಈ ಎಂಜಿನ್ ಬೇಕೆಂದರೆ ಸೆಕೆಂಡ್ ಹ್ಯಾಂಡೇ ಗತಿ.

ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ಓಡುವ ಗಾಡಿಗೆ ಮೊದಲ ವೈರಿ ಕೆಂಪು ಧೂಳು. ಏರ್ ಫಿಲ್ಟರ್ ತೆಗೆದು ನೋಡಿದರಷ್ಟೇ ಸಾಲದು. ಫಿಲ್ಟರ್ ಡಬ್ಬಿಯಿಂದ ಟರ್ಬೊಗೆ ಹೋಗುವ ಪೈಪ್ ಬಿಚ್ಚಿ, ಒಳಗೆ ಬಿಳಿ ಬಟ್ಟೆ ಆಡಿಸಿ. ಬಟ್ಟೆ ಕೆಂಪಾದರೆ ಫಿಲ್ಟರ್ ಪಕ್ಕದಿಂದ ಧೂಳು ನುಸುಳುತ್ತಿದೆ ಎಂದರ್ಥ: ರಬ್ಬರ್ ಅಂಚು ಕೂತಿಲ್ಲ, ಡಬ್ಬಿಯ ಕ್ಲಿಪ್ ಮುರಿದಿದೆ, ಇಲ್ಲವೇ ಪೈಪ್ ಸೀಳಿದೆ. ಈ ಧೂಳು ಟರ್ಬೊ ರೆಕ್ಕೆ ಸವೆಸಿ, ಆಮೇಲೆ ಪಿಸ್ಟನ್ ರಿಂಗ್ ತಿನ್ನುತ್ತದೆ. ಕಂಪ್ರೆಸರ್ ಗಾಳಿಯಿಂದ ಜೋರಾಗಿ ಊದಿ ಅದೇ ಫಿಲ್ಟರ್ ಮತ್ತೆ ಹಾಕುವುದು ನಮ್ಮ ಕಡೆಯ ಕೆಟ್ಟ ಚಾಳಿ. ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತವೆ. ಗಣಿ ರಸ್ತೆಯಲ್ಲೇ ದಿನವೂ ಓಡುವುದಾದರೆ ಕಂಪನಿ ಹೇಳಿದ ಅವಧಿಯ ಅರ್ಧಕ್ಕೇ ಹೊಸದು ಹಾಕಿ.

ಎರಡನೆಯದು ಆಯಿಲ್. ಫಿಲ್ಟರ್ ಸೇರಿ ಹಿಡಿಯುವುದು ಸುಮಾರು 3 ಲೀಟರ್ ಮಾತ್ರ, ಅರ್ಧ ಲೀಟರ್ ಕಡಿಮೆಯಾದರೂ ಎಂಜಿನ್‌ಗೆ ಗೊತ್ತಾಗುತ್ತದೆ. ವಾಲ್ವ್‌ಗಳನ್ನು ಪಿಸ್ಟನ್ ಜೊತೆ ಹೊಂದಿಸಿ ಓಡಿಸಲು ಇದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಆ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ನಡೆಯುವುದು ಆಯಿಲ್ ಒತ್ತಡದಿಂದ. ಆಯಿಲ್ ಇಳಿದರೆ ಅಥವಾ ಗ್ರೀಸಿನಂತೆ ಗಟ್ಟಿಯಾದರೆ ಚೈನ್ ಸಡಿಲಾಗಿ ಹಲ್ಲು ಹಾರುತ್ತದೆ. ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿದು, ವಾಲ್ವ್ ಒತ್ತುವ ರಾಕರ್‌ಗಳು ಮುರಿಯುತ್ತವೆ. "ಚೈನ್‌ಗೆ ಜೀವಮಾನವಿಡೀ ಚಿಂತೆಯಿಲ್ಲ" ಎನ್ನುವ ಮಾತನ್ನು ನಂಬಬೇಡಿ.

ಬೆಳಿಗ್ಗೆ ತಣ್ಣಗಿರುವಾಗಲೇ ಬಾನೆಟ್ ಎತ್ತಿಟ್ಟು ಸ್ಟಾರ್ಟ್ ಮಾಡಿಸಿ, ನೀವು ಚೈನ್ ಕವರ್ ಇರುವ ಬದಿಗೆ ಕಿವಿ ಕೊಡಿ. ಕ್ಷಣ ಹೊತ್ತು ಸದ್ದು ಬಂದು ನಿಂತರೆ ಆಯಿಲ್ ಬದಲಿಸಿ ಕಾದು ನೋಡಬಹುದು. ಸರಪಳಿ ಎಳೆದಂಥ ಗರಗರ ನಿಲ್ಲದಿದ್ದರೆ ಗಾಡಿ ಓಡಿಸಬೇಡಿ. ಚೈನ್ ಕಿಟ್ ಹಾಕಿಸುವಾಗ ಚೈನ್, ಟೆನ್ಷನರ್, ಗೈಡ್, ಸ್ಪ್ರಾಕೆಟ್ ಎಲ್ಲವೂ ಒಟ್ಟಿಗೆ. ಕ್ಯಾಮ್ (ವಾಲ್ವ್ ಆಡಿಸುವ ಶಾಫ್ಟ್), ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಲಾಕ್ ಮಾಡುವ ಟೂಲ್ ಇಲ್ಲದೆ ಪೇಂಟ್ ಗುರುತು ನಂಬಿ ಕೂರಿಸುವ ಮೇಸ್ತ್ರಿ ಬೇಡ. ಧೂಳಲ್ಲಿ ಓಡುವ ಗಾಡಿಗೆ 10,000 ಕಿ.ಮೀ. ಕಾಯದೆ 5,000ಕ್ಕೆ ಆಯಿಲ್ ಬದಲಿಸಿ.

ಸಿಂಧನೂರು, ಮಾನ್ವಿ ಕಡೆ ಟ್ರ್ಯಾಕ್ಟರ್‌ಗೆಂದು ಡ್ರಮ್ಮಿನಲ್ಲಿಟ್ಟ ಡೀಸೆಲ್ ಕಾರಿಗೆ ಸುರಿಯಬೇಡಿ. ಅದರ ನೀರು, ತುಕ್ಕು ನೇರ ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗೆ. ಡೀಸೆಲ್ ಫಿಲ್ಟರ್ ತಳದ ನೀರು ಆಗಾಗ ಬಿಡಿ. ಬಿಸಿ ಎಂಜಿನ್ ಸ್ಟಾರ್ಟ್ ಆಗಲು ತಡವಾದರೆ ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪನ್ನು (ಉಳಿದ ಡೀಸೆಲ್ ಟ್ಯಾಂಕಿಗೆ ಮರಳುವ ಪೈಪ್) ಒಂದೇ ಅಳತೆಯ ನಾಲ್ಕು ಬಾಟಲಿಗೆ ಬಿಟ್ಟು ಎರಡು ನಿಮಿಷ ಐಡಲ್‌ನಲ್ಲಿಡಿ. ಯಾವ ಬಾಟಲಿ ಉಳಿದವಕ್ಕಿಂತ ಬಹಳ ತುಂಬಿತೋ ಆ ಇಂಜೆಕ್ಟರ್ ಸೋರುತ್ತಿದೆ. ಕಬ್ಬಿಣದ ಹೈ ಪ್ರೆಷರ್ ಪೈಪನ್ನು ಮಾತ್ರ ಎಂಜಿನ್ ಓಡುವಾಗ ಸಡಿಲಿಸಬೇಡಿ. ಅದರೊಳಗಿನ ಒತ್ತಡ 1600 ಬಾರ್‌ವರೆಗೂ ಏರುತ್ತದೆ, ಡೀಸೆಲ್ ಸೂಜಿಯಂತೆ ಚರ್ಮದೊಳಗೇ ನುಗ್ಗುತ್ತದೆ.