ಮಗು ಆಗಲಿ ಅಂತ ಡಾಕ್ಟರ್ ಹತ್ತಿರ ಹೋಗುತ್ತಿದ್ದೀರಾ? ಊಟದ ವಿಷಯ ಮುಚ್ಚಿಡಬೇಡಿ

ಮುಂಬೈನ ಮಾಟುಂಗದಲ್ಲಿ ನಮ್ಮ ಕನ್ನಡದವರ ಯಾವ ಮದುವೆಗೆ ಹೋದರೂ ಹೊಸ ಸೊಸೆಯಂದಿರಿಗೆ ಎರಡು ಮಾತು ಗ್ಯಾರಂಟಿ. ಒಂದು, "ಏನಮ್ಮಾ, ವಿಶೇಷ ಏನಾದರೂ ಇದೆಯಾ?" ಇನ್ನೊಂದು, "ಎಷ್ಟು ಸಣ್ಣ ಆಗಿದ್ದೀಯ, ಚೆನ್ನಾಗಿ ಕಾಣ್ತೀಯ!" ಎರಡಕ್ಕೂ ಸಂಬಂಧ ಇರಬಹುದು ಅಂತ ಕೇಳಿದವರಿಗೂ ಹೊಳೆಯುವುದಿಲ್ಲ, ಕೇಳಿಸಿಕೊಂಡವರಿಗೂ ಹೊಳೆಯುವುದಿಲ್ಲ.

ದಪ್ಪ ಆಗ್ತೀನಿ ಅನ್ನೋ ಭಯಕ್ಕೆ ಊಟ ಬಿಡುವುದು ಅನೊರೆಕ್ಸಿಯಾ. ಗಬಗಬ ತಿಂದು ಆಮೇಲೆ ವಾಂತಿ ಮಾಡುವುದು ಬುಲಿಮಿಯಾ. ಕೈ ನಿಲ್ಲದೆ ತಿಂದು ಒಳಗೊಳಗೇ ಕೊರಗುವುದು ಬಿಂಜ್ ಈಟಿಂಗ್. ಇವು ಹಠ ಅಲ್ಲ, ಕಾಯಿಲೆ.

ಮೈಗೆ ಬೇಕಾದಷ್ಟು ಊಟ ಹೋಗದಿದ್ದರೆ ಮೆದುಳಿನ ಹೈಪೊಥಲಾಮಸ್ ಭಾಗ 'ಈಗ ಬಸುರಿಗೆ ಸಮಯ ಅಲ್ಲ' ಅಂತ ಲೆಕ್ಕ ಹಾಕಿ ಹಾರ್ಮೋನ್ ಸಂಕೇತ ಕಳಿಸುವುದನ್ನು ಕಡಿಮೆ ಮಾಡುತ್ತದೆ, ಅಂಡಾಣು ಬೆಳೆಸಿ ಬಿಡುಗಡೆ ಮಾಡಿಸುವ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಹಾರ್ಮೋನ್‌ಗಳು ಇಳಿಯುತ್ತವೆ, ಅಂಡಾಣು ಬಲಿಯುವುದಿಲ್ಲ, ಮುಟ್ಟು ಏರುಪೇರಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಗರ್ಭಕೋಶದಲ್ಲಿ ಏನೂ ದೋಷ ಇಲ್ಲದಿರಬಹುದು. ತೂಕ ಸರಿಯಾಗಿದ್ದರೂ ಬುಲಿಮಿಯಾದಲ್ಲಿ ಹೀಗಾಗಬಹುದು. ಬಿಂಜ್ ಈಟಿಂಗ್ ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರುವವರಲ್ಲಿ ಜಾಸ್ತಿ ಕಾಣುತ್ತದೆ. ಮುಟ್ಟು ಬರುತ್ತಿದೆ, ಹಾಗಾದರೆ ನನಗೇನೂ ಇಲ್ಲ ಅಂದುಕೊಳ್ಳಬೇಡಿ. ಅನೊರೆಕ್ಸಿಯಾ ಅಂತ ಹೇಳಲು ಮುಟ್ಟು ನಿಂತಿರಲೇಬೇಕು ಅನ್ನುವ ನಿಯಮವನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲೇ ತೆಗೆದುಹಾಕಿದೆ.

ಮೊದಲ ಕೆಲಸ, ನಿಮ್ಮ ಡಬ್ಬಿ ನೋಡಿ. ಬೆಳಿಗ್ಗೆ ಕಟ್ಟಿಕೊಂಡ ಎರಡು ಚಪಾತಿ ಮತ್ತು ಪಲ್ಯ ಸಂಜೆ ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಹಾಗೇ ವಾಪಸ್ ಬರುತ್ತಿದೆಯಾ? ಆಫೀಸಿನಲ್ಲಿ ಯಾರಿಗೋ ಕೊಟ್ಟು ಖಾಲಿ ಡಬ್ಬಿ ತಂದು ಅತ್ತೆಗೆ ತೋರಿಸುತ್ತೀರಾ? ಸಂಕಷ್ಟಿ, ಗುರುವಾರ, ನವರಾತ್ರಿ ಅಂತ ಉಪವಾಸಗಳು ಸುಮ್ನೆ ಜಾಸ್ತಿ ಆಗುತ್ತಿವೆಯಾ? ದೇವರ ಹೆಸರಿನಲ್ಲಿ ಊಟ ಬಿಟ್ಟರೆ ಯಾರೂ ಪ್ರಶ್ನೆ ಮಾಡುವುದಿಲ್ಲ ಅಲ್ವಾ.

ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ: ಕೊನೆಯ ಮುಟ್ಟಿನ ದಿನ, ಊಟ ಬಿಡುವುದು, ವಾಂತಿ, ಭೇದಿ ಆಗಲಿ ಅಂತ ತಗೊಳ್ಳುವ ಮಾತ್ರೆ, ದಿನಕ್ಕೆ ಎಷ್ಟು ಹೊತ್ತು ಜಿಮ್. ಡಾಕ್ಟರ್ ಮುಂದೆ ಮರಾಠಿ, ಇಂಗ್ಲಿಷ್ ಎಲ್ಲ ಗಂಟಲಲ್ಲೇ ಉಳಿಯುತ್ತದೆ, ಚೀಟಿ ಕೈಗೆ ಕೊಟ್ಟುಬಿಡಿ. ಅತ್ತೆಯೋ ಗಂಡನೋ ಜೊತೆಗೆ ಬಂದಿದ್ದರೆ "ಎರಡು ನಿಮಿಷ ಒಬ್ಬಳೇ ಮಾತಾಡಬೇಕು" ಅನ್ನಿ. ಮೂರು ತಿಂಗಳು ಮುಟ್ಟು ಬರದಿದ್ದರೆ ತಡ ಮಾಡಲೇಬೇಡಿ. ಬಸುರಿ ಪರೀಕ್ಷೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಹಾಲು ಬರಿಸುವ ಹಾರ್ಮೋನ್), ಎಫ್‌ಎಸ್‌ಎಚ್, ಎಲ್‌ಎಚ್, ಸ್ಕ್ಯಾನ್ ಬರೆದುಕೊಡಬಹುದು. ವಾಂತಿ ಇದ್ದರೆ ಪೊಟ್ಯಾಸಿಯಂ ಕೂಡ ನೋಡಬೇಕು, ಅದು ಇಳಿದರೆ ಹೃದಯಕ್ಕೇ ಅಪಾಯ.

ಹಾರ್ಮೋನ್ ಮಾತ್ರೆ ತಗೊಂಡು ಮುಟ್ಟು ಬಂದರೆ ಎಲ್ಲ ಸರಿಹೋಯಿತು ಅನಿಸುತ್ತದೆ. ಇಲ್ಲ. ಅದು ಮಾತ್ರೆ ತರಿಸಿದ ರಕ್ತಸ್ರಾವ, ಅಂಡಾಣು ಬಿಡುಗಡೆಯಾಗಿದೆ ಅಂತ ಅರ್ಥ ಅಲ್ಲ. ಮೈಯಲ್ಲಿ ಶಕ್ತಿ ಇಲ್ಲದಾಗಲೇ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟು ಬಸುರಿ ಮಾಡಿಸುವ ಅವಸರವೂ ನನಗೆ ಸರಿ ಕಾಣುವುದಿಲ್ಲ. ತಾಯಿ ತೂಕ ತೀರಾ ಕಡಿಮೆ ಇದ್ದರೆ ಅವಧಿಗೆ ಮುಂಚೆ ಹೆರಿಗೆ, ಕಡಿಮೆ ತೂಕದ ಮಗು, ಇವುಗಳ ಸಾಧ್ಯತೆ ಹೆಚ್ಚು. ಮೊದಲು ಊಟ, ಆಮೇಲೆ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾತು. ಊಟ ಸರಿಹೋದ ಮೇಲೆ ಎಷ್ಟೋ ಜನರಿಗೆ ಮುಟ್ಟು ತಾನಾಗಿ ವಾಪಸ್ ಬರುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯಬಹುದು. ತೀರಾ ಬಡಕಲಾಗಿದ್ದರೆ ಮನೆಯಲ್ಲಿ ಒಮ್ಮೆಲೇ ತುರುಕಿ ತಿನ್ನಿಸುವುದು ಅಪಾಯ, ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು.

ಗೈನಕಾಲಜಿಸ್ಟ್ ಒಬ್ಬರೇ ಸಾಲದು. ಮನೋವೈದ್ಯರು, ಡಯಟೀಶಿಯನ್ ಇಬ್ಬರೂ ಬೇಕು. ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಮನೆಯಿಂದಲೇ ಮಾತಾಡಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಮುಟ್ಟು ಇಲ್ಲ ಅಂತ ಮೈಮರೆಯಬೇಡಿ. ನಿಂತ ಮುಟ್ಟು ಮತ್ತೆ ಶುರುವಾಗುವ ಮುಂಚೆಯೇ ಅಂಡಾಣು ಬಿಡುಗಡೆಯಾಗಿ ಬಸುರಿ ಆಗಬಹುದು, ಈಗಲೇ ಮಗು ಬೇಡ ಅನ್ನುವವರು ಎಚ್ಚರ ವಹಿಸಿ. ಬೇಕು ಅನ್ನುವವರು ಫೋಲಿಕ್ ಆಸಿಡ್ ಅನ್ನುವ ವಿಟಮಿನ್ ಮಾತ್ರೆ ಬಗ್ಗೆ ಡಾಕ್ಟರ್‌ನ ಮೊದಲೇ ಕೇಳಿ. ಬಸುರಿಯಾದ ಮೇಲೆ ಪ್ರತಿ ಸಲ ತೂಕ ನೋಡುತ್ತಾರೆ, ಆ ನಂಬರ್ ಕಂಡರೆ ಹಳೇ ಭಯ ಏಳುತ್ತದೆ ಅನ್ನುವವರು ತೂಕದ ಯಂತ್ರದ ಮುಳ್ಳಿನ ಕಡೆ ಬೆನ್ನು ಮಾಡಿ ನಿಲ್ಲಬಹುದು, "ಜೋರಾಗಿ ಓದಬೇಡಿ, ಫೈಲಿನಲ್ಲಿ ಮಾತ್ರ ಬರೆದುಕೊಳ್ಳಿ" ಅಂತ ನರ್ಸ್‌ಗೆ ಮೊದಲೇ ಹೇಳಿಬಿಡಿ.