ಒಂದು ದಿನಕ್ಕೆ ಒಂದೇ ಜಾಗ: ಪುಟ್ಟ ಮಕ್ಕಳ ಜೊತೆ ನಾವು ಊರು ಸುತ್ತೋದು ಹೀಗೆ

ನಮ್ಮ ಮನೆ ಕೆಂಗೇರಿಯಲ್ಲಿದೆ. ಮಗಳಿಗೆ 6 ವರ್ಷ, ಮಗನಿಗೆ ಈಗಷ್ಟೇ 3 ತುಂಬಿದೆ. ಅತ್ತೆ ಜೊತೆಗಿದ್ದಾರೆ. ತಿಂಗಳಿಗೆ ಎರಡು ಸಲವಾದರೂ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗುತ್ತೇವೆ. ಪಕ್ಕದ ಮನೆಯವರು, ಆಫೀಸಿನ ಗೆಳತಿಯರು, "ಇಬ್ಬರನ್ನೂ ಕಟ್ಟಿಕೊಂಡು ಅದ್ಹೇಗೆ ಹೋಗ್ತೀರಿ?" ಅಂತ ಕೇಳುತ್ತಲೇ ಇರುತ್ತಾರೆ. ಮೊದಲು ನಮಗೂ ಗೊತ್ತಿರಲಿಲ್ಲ. ಒಂದು ಸಲ ಚೆನ್ನಾಗಿ ಪೆಟ್ಟು ತಿಂದ ಮೇಲೆ ಕಲಿತಿದ್ದು.

ಮಗನಿಗೆ ಆಗ ಒಂದೂವರೆ ವರ್ಷ. ಒಂದು ಭಾನುವಾರ ಬಾಡಿಗೆ ಕಾರು ಮಾಡಿಕೊಂಡು ಮೈಸೂರಿಗೆ ಹೊರಟೆವು. ಹೇಗೂ ಅಷ್ಟು ದುಡ್ಡು ಕೊಡ್ತೀವಲ್ಲ, ಎಲ್ಲಾ ನೋಡಿಬಿಡೋಣ ಅಂತ ಪಟ್ಟಿ ಮಾಡಿದ್ದೆವು. ಶ್ರೀರಂಗಪಟ್ಟಣ, ಮೃಗಾಲಯ, ಚಾಮುಂಡಿ ಬೆಟ್ಟ, ಸಂಜೆಗೆ ಅರಮನೆ ದೀಪ. ಹೊರಡುವಾಗ ಮಗಳಿಗೆ ಒಂದು ಲೋಟ ಹಾಲು ಕುಡಿಸಿದ್ದೆ, ಕೈಗೆ ಮೊಬೈಲು ಕೊಟ್ಟಿದ್ದೆ. ಬಿಡದಿ ದಾಟುವಷ್ಟರಲ್ಲಿ ಕುಡಿದ ಹಾಲೆಲ್ಲ ಸೀಟಿನ ಮೇಲೆ. ಮೃಗಾಲಯ ಸೇರಿದ್ದು ಮಧ್ಯಾಹ್ನ ಒಂದಕ್ಕೆ, ಸರಿಯಾಗಿ ಮಗ ಮಲಗುವ ಹೊತ್ತಿಗೆ. ಬಿಸಿಲಲ್ಲಿ ಅವನನ್ನು ಎತ್ತಿಕೊಂಡು ನಡೆದಿದ್ದು ಬಿಟ್ಟರೆ ನನಗೆ ಅವತ್ತಿನ ಮೃಗಾಲಯ ನೆನಪೇ ಇಲ್ಲ. ಹೋಟೆಲಿನಲ್ಲಿ ಊಟ ಬರೋಕೆ ಮುಕ್ಕಾಲು ಗಂಟೆ. ಬಂದ ಸಾರು ಮಕ್ಕಳ ಬಾಯಿಗೆ ಇಡೋ ಹಾಗಿರಲಿಲ್ಲ, ಅಷ್ಟು ಖಾರ.

ಸಂಜೆ ಅರಮನೆ ಮುಂದೆ ಇನ್ನೊಂದು ಕಥೆ. ಭಾನುವಾರ ಅಲ್ಲಿ ಒಂದು ಲಕ್ಷದ ಹತ್ತಿರ ಬಲ್ಬುಗಳು ಒಟ್ಟಿಗೇ ಹತ್ತುತ್ತವೆ. ಎಲ್ಲರ ಕತ್ತು ಮೇಲಕ್ಕೆ, ನನ್ನದೂ ಮೇಲಕ್ಕೆ. ಕೆಳಗೆ ನೋಡಿದರೆ ಮಗಳಿಲ್ಲ. ಒಂದು ನಿಮಿಷ ಇರಬಹುದು, ಅಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಹತ್ತು ಹೆಜ್ಜೆ ಆಚೆ ಬಲೂನಿನವನ ಪಕ್ಕ ನಿಂತಿದ್ದಳು. ರಾತ್ರಿ ಹನ್ನೊಂದೂವರೆಗೆ ಮನೆ ಸೇರಿದೆವು. "ಏನೇನು ನೋಡಿದೆ ಪುಟ್ಟೀ?" ಅಂತ ಅತ್ತೆ ಕೇಳಿದರು. "ಬಲೂನು," ಅಂದಳು.

ಆ ರಾತ್ರಿ ಅತ್ತೆ ಒಂದು ಮಾತು ಹೇಳಿದರು. "ನೀವು ನೋಡಬೇಕು ಅಂತಿದ್ದ ಜಾಗಕ್ಕೆ ಅವರನ್ನ ಎಳಕೊಂಡು ಹೋದ್ರಿ ಕಣಮ್ಮಾ. ಅವರು ನೋಡೋದು ಬೇರೆ." ಬೈದಿದ್ದಲ್ಲ, ಇದ್ದಿದ್ದನ್ನು ಹೇಳಿದ್ದು. ಅವತ್ತಿನಿಂದ ಒಂದು ದಿನಕ್ಕೆ ಒಂದೇ ಜಾಗ ಅಂತ ಮಾಡಿಕೊಂಡೆವು. ಆ ಜಾಗವೂ ಮಗನ ನಿದ್ದೆ, ಇಬ್ಬರ ಹಸಿವು ನೋಡಿಕೊಂಡೇ ಗೊತ್ತಾಗಬೇಕು. ಮಗ ಮಲಗೋದು ಹನ್ನೆರಡೂವರೆಯಿಂದ ಎರಡರವರೆಗೆ. ಹಾಗಾಗಿ ನೋಡೋದೆಲ್ಲ ಅದಕ್ಕೆ ಮುಂಚೆ ಮುಗಿಯಬೇಕು. ನಿದ್ದೆಯ ಹೊತ್ತಿಗೆ ಮನೆಯಲ್ಲಿರಬೇಕು, ಇಲ್ಲದಿದ್ದರೆ ಅವನು ಮಲಗುವ ಹಾಗಿರುವ ಕಡೆ ಇರಬೇಕು.

ಶುರು ಮಾಡಿದ್ದು ಹತ್ತಿರದ ಜಾಗಗಳಿಂದ. ಕೆಂಗೇರಿಗೆ ಮೆಟ್ರೋ ಇರೋದು ನಮಗೆ ದೊಡ್ಡ ಅನುಕೂಲ. ಕಬ್ಬನ್ ಪಾರ್ಕಿಗೆ ಎಲ್ಲೂ ಬದಲಾಯಿಸೋದು ಬೇಡ, ನೇರಳೆ ಮಾರ್ಗದಲ್ಲಿ ಸೀದಾ ಹೋಗಿ ಇಳಿಯಬಹುದು. ಭಾನುವಾರ ಪಾರ್ಕಿನ ಒಳಗಿನ ರಸ್ತೆಗಳಲ್ಲಿ ವಾಹನ ಬಿಡೋದಿಲ್ಲ. ಸಣ್ಣ ಮಕ್ಕಳಿರುವವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಅಂತ ಅಲ್ಲಿ ಹೋಗಿ ನಿಂತರೇ ಗೊತ್ತಾಗೋದು. ಮನೆ ಮುಂದಿನ ರಸ್ತೆಯಲ್ಲಿ ದಿನವೂ "ಕೈ ಹಿಡ್ಕೋ, ಕೈ ಹಿಡ್ಕೋ" ಅಂತ ಕೂಗುವವಳು ಅಲ್ಲಿ ಅವನ ಕೈ ಬಿಟ್ಟುಬಿಡುತ್ತೇನೆ. ಟಾರು ರಸ್ತೆಯ ಮಧ್ಯದಲ್ಲೇ ಓಡುತ್ತಾನೆ.

ಲಾಲ್‌ಬಾಗಿಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗ ಹಿಡಿಯಬೇಕು. ಅಲ್ಲಿ 240 ಎಕರೆ ಇದೆ. ನಾವು ನೋಡೋದು ಬಂಡೆ ಮಾತ್ರ. ಗಾಜಿನ ಮನೆ, ಕೆರೆ ಎಲ್ಲ ಇನ್ನೊಂದು ದಿನಕ್ಕೆ. ಕೆಂಪೇಗೌಡರ ಗೋಪುರ ಇರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮಗಳಿಗೆ ಡೈನೋಸಾರ್ ಹುಚ್ಚು. "ಇದು ಡೈನೋಸಾರ್‌ಗಿಂತ ತುಂಬಾ ತುಂಬಾ ಹಳೇದು," ಅಂದೆ. ಅವಳು ಸುಮ್ಮನೆ ಕೂತು ಕೆನ್ನೆಯನ್ನು ಬಂಡೆಗೆ ಒತ್ತಿಟ್ಟಳು. "ಅಮ್ಮಾ, ಬೆಚ್ಚಗಿದೆ," ಅಂದಳು. ಮಗನೂ ಬಂದು ಪಕ್ಕದಲ್ಲಿ ಕೆನ್ನೆ ಒತ್ತಿದ. ಎಂಟೂವರೆಯ ಬಿಸಿಲು ಅಷ್ಟೇ ಕಾಯಿಸಿತ್ತು, ಹನ್ನೊಂದಕ್ಕೆ ಬಂದಿದ್ದರೆ ಕಾಲಿಡೋಕೂ ಆಗ್ತಿರಲಿಲ್ಲ. ಹತ್ತೂವರೆಗೆ ಮೆಟ್ರೋ ಹತ್ತಿ, ಹನ್ನೆರಡರ ಒಳಗೆ ಮನೆಯಲ್ಲಿದ್ದೆವು.

ಇನ್ನು ಬ್ಯಾಗಿನ ವಿಷಯ. ತುಂಬಾ ಜನ ಇದನ್ನೇ ಕೇಳುತ್ತಾರೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊರಗಿನ ತಿಂಡಿ ಸಿಕ್ಕರೆ ಸಿಗಲಿ, ಮಕ್ಕಳ ಊಟ ಮಾತ್ರ ನಮ್ಮ ಡಬ್ಬಿಯಲ್ಲೇ ಇರಬೇಕು. ಮಧ್ಯಾಹ್ನಕ್ಕೆ ಮೊಸರನ್ನ. ಬೆಳಗ್ಗೆ ಕಲಸಿದ ಮೊಸರನ್ನ ಮಧ್ಯಾಹ್ನಕ್ಕೆ ಹುಳಿ ಬರುತ್ತೆ, ಗಟ್ಟಿಯೂ ಆಗುತ್ತೆ, ಮಕ್ಕಳು ಮುಖ ತಿರುಗಿಸುತ್ತವೆ. ಅದಕ್ಕೆ ನಾನು ಪೂರ್ತಿ ಮೊಸರಿನಲ್ಲಿ ಕಲಸೋದೇ ಇಲ್ಲ. ಅನ್ನವನ್ನು ನೀರು ಜಾಸ್ತಿ ಇಟ್ಟು ಮೆತ್ತಗೆ ಮಾಡಿ, ಬಿಸಿ ಇರುವಾಗಲೇ ಸೌಟಿನ ಹಿಂಭಾಗದಲ್ಲಿ ಮಸೆಯುತ್ತೇನೆ. ಕಾಯಿಸಿದ ಹಾಲು ಉಗುರುಬೆಚ್ಚಗಾದ ಮೇಲೆ ಧಾರಾಳವಾಗಿ ಸುರಿಯುತ್ತೇನೆ. ಪಾಯಸದ ಹಾಗೆ ತೆಳ್ಳಗಿರಬೇಕು. ಅದಕ್ಕೆ ಒಂದೇ ಒಂದು ಚಮಚ ಮೊಸರು, ಚಿಟಿಕೆ ಉಪ್ಪು. ಮಧ್ಯಾಹ್ನದ ಹೊತ್ತಿಗೆ ಡಬ್ಬಿಯೊಳಗೇ ಹದವಾಗಿ ಹೆಪ್ಪಾಗಿರುತ್ತೆ, ಹುಳಿ ಇರಲ್ಲ. ದಾಳಿಂಬೆ ಕಾಳು ಬೇರೆ ಸಣ್ಣ ಡಬ್ಬಿಯಲ್ಲಿ ಒಯ್ಯುತ್ತೇನೆ, ತಿನ್ನುವಾಗ ಮೇಲೆ ಉದುರಿಸೋಕೆ. ನಡುನಡುವೆ ತಿನ್ನೋಕೆ ಏಲಕ್ಕಿ ಬಾಳೆಹಣ್ಣು. ಫ್ಲಾಸ್ಕಿನಲ್ಲಿ ಬಿಸಿನೀರು, ಪೊಟ್ಟಣದಲ್ಲಿ ರಾಗಿ ಹುರಿಹಿಟ್ಟು, ಬೆಲ್ಲದ ಪುಡಿ. ಮೂರನ್ನೂ ಲೋಟದಲ್ಲಿ ಕಲಸಿದರೆ ಎರಡು ನಿಮಿಷದಲ್ಲಿ ಹೊಟ್ಟೆ ತುಂಬುತ್ತೆ.

ಕಾರು, ಬಸ್ಸಿನಲ್ಲಿ ಹೋಗುವಾಗ ಹೊರಡುವ ಮುಂಚೆ ಹಾಲು ಕೊಡೋದಿಲ್ಲ, ಒಂದು ಗಂಟೆ ಮೊದಲೇ ಒಂದೋ ಎರಡೋ ಇಡ್ಲಿ ಅಷ್ಟೇ. ದಾರಿಯಲ್ಲಿ ಮೊಬೈಲಂತೂ ಇಲ್ಲವೇ ಇಲ್ಲ. ನಮ್ಮ ಮಗಳಿಗೆ ಈ ಎರಡರಿಂದಲೇ ವಾಂತಿ ನಿಂತಿತು.

ಬ್ಯಾಗಿನಲ್ಲಿ ಇನ್ನೊಂದು ಇರಲೇಬೇಕು. ಅತ್ತೆಯ ಹಳೇ ಕಾಟನ್ ಸೀರೆ, ಒಗೆದು ಒಗೆದು ಬೆಣ್ಣೆ ಹಾಗಾಗಿದೆ. ಹುಲ್ಲಿನ ಮೇಲೆ ಹಾಸಿದರೆ ಚಾಪೆ, ಕಿಟಕಿಗೆ ಸಿಕ್ಕಿಸಿದರೆ ಬಿಸಿಲಿಗೆ ಪರದೆ, ಮಗ ಒದ್ದೆ ಮಾಡಿಕೊಂಡರೆ ಮೈ ಒರೆಸೋಕೂ ಅದೇ. ಅವನು ಹುಟ್ಟಿದಾಗಿನಿಂದ ಅಜ್ಜಿಯ ತೊಡೆ ಮೇಲೆ ಆ ಸೀರೆಯ ಸೆರಗು ಹಿಡಿದು ಮಲಗಿದವನು. ಎಂಥಾ ಗದ್ದಲದಲ್ಲೂ ಅದನ್ನು ಹೊದಿಸಿದರೆ ಮೊದಲು ಮೂಗಿಗೆ ಒತ್ತಿಕೊಳ್ಳುತ್ತಾನೆ, ಆಮೇಲೆ ಅಂಚನ್ನು ಬೆರಳಲ್ಲಿ ಸುತ್ತುತ್ತಾನೆ. ಸುತ್ತುವ ಬೆರಳು ನಿಂತಿತು ಅಂದರೆ ನಿದ್ದೆ ಬಂತು ಅಂತ.

ಅರಮನೆಯ ಆ ಒಂದು ನಿಮಿಷದ ನಂತರ ಇನ್ನೊಂದು ಅಭ್ಯಾಸ ಮಾಡಿಕೊಂಡೆವು. ಹೊರಡುವ ಮುಂಚೆ ಇಬ್ಬರ ಮುಂಗೈ ಮೇಲೂ ಬಾಲ್ ಪೆನ್ನಿನಲ್ಲಿ ನಮ್ಮ ಫೋನ್ ನಂಬರು ಬರೆಯುತ್ತೇವೆ. ತಪ್ಪಿಸಿಕೊಂಡರೆ ಏನು ಮಾಡಬೇಕು ಅಂತ ಮಗಳಿಗೆ ಹೇಳಿಕೊಟ್ಟಿದ್ದೇವೆ. ನಮ್ಮನ್ನು ಹುಡುಕಿಕೊಂಡು ಹೋಗಬಾರದು, ನಿಂತಲ್ಲೇ ನಿಂತು "ಅಮ್ಮಾ" ಅಂತ ಜೋರಾಗಿ ಕೂಗಬೇಕು. ಆದರೂ ನಾವು ಕಾಣದಿದ್ದರೆ ಕಂಕುಳಲ್ಲಿ ಮಗು ಇರುವ ಯಾರಾದರೂ ಆಂಟಿಗೆ ಕೈ ತೋರಿಸಿ ನಂಬರು ಓದಿಸಬೇಕು. ಮನೆಯಲ್ಲೇ ಆಟದ ಹಾಗೆ ನಾಲ್ಕೈದು ಸಲ ಮಾಡಿಸಿದ್ದೇವೆ. ಮಕ್ಕಳ ಸಹಾಯವಾಣಿ 1098 ನನ್ನ ಮೊಬೈಲಿನಲ್ಲಿದೆ.

ಇಷ್ಟೆಲ್ಲ ರೂಢಿಯಾದ ಮೇಲೆ ಮತ್ತೆ ಮೈಸೂರಿಗೆ ಹೋಗುವ ಧೈರ್ಯ ಬಂತು. ಈ ಸಲ ರೈಲಿನಲ್ಲಿ. ಮಗನಿಗೆ ರೈಲು ಅಂದರೆ ಪ್ರಾಣ. ಹಾಗಿದ್ದ ಮೇಲೆ ರೈಲಿನಲ್ಲೇ ಹೋಗಿ, ಅಲ್ಲಿನ ರೈಲು ಮ್ಯೂಸಿಯಂ ಒಂದನ್ನೇ ನೋಡಿ ಬಂದರೆ ಹೇಗೆ ಅಂತ ನಮ್ಮನೆಯವರು ಕೇಳಿದರು. ಅಷ್ಟು ದೂರ ಹೋಗಿ ಅರಮನೆ ನೋಡದೆ ಬರೋದಾ ಅಂತ ನನಗೂ ಒಂದು ಕ್ಷಣ ಅನ್ನಿಸಿತು. ಆದರೆ ಅರಮನೆ ಎಲ್ಲಿಗೆ ಹೋಗುತ್ತೆ, ಅಲ್ಲೇ ಇರುತ್ತಲ್ವಾ.

5 ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಬೇಡ, ಆದರೆ ಸೀಟೂ ಇಲ್ಲ. ನಾವು ಪೂರ್ತಿ ದುಡ್ಡು ಕೊಟ್ಟು ಮಗನಿಗೂ ಸೀಟು ಮಾಡಿಸಿದೆವು. ಎರಡು ಗಂಟೆಗೂ ಜಾಸ್ತಿ ಹೊತ್ತು ತೊಡೆ ಮೇಲೆ ಕೂರಿಸಿಕೊಂಡರೆ ಅವನಿಗೂ ಹಿಂಸೆ, ನಮಗೂ ಹಿಂಸೆ. ಕಿಟಕಿಯ ಜಗಳ ಬರಬಾರದು ಅಂತ ನಿಲ್ದಾಣ ಬಂದಾಗಲೆಲ್ಲ ಜಾಗ ಬದಲಾಯಿಸಬೇಕು ಅಂತ ಮೊದಲೇ ಮಾತಾಗಿತ್ತು. ಬಿಡದಿವರೆಗೆ ಮಗಳು, ರಾಮನಗರದವರೆಗೆ ಮಗ, ಚನ್ನಪಟ್ಟಣದವರೆಗೆ ಮತ್ತೆ ಮಗಳು. ಜಗಳ ಬರಲಿಲ್ಲ. ಊರಿನ ಹೆಸರುಗಳೂ ಬಾಯಿಗೆ ಬಂದವು. ರಾಮನಗರದ ಬೆಟ್ಟಗಳು ಕಂಡಾಗ, "ಇದು ಲಾಲ್‌ಬಾಗ್ ಬಂಡೆಯ ಅಣ್ಣನಾ?" ಅಂತ ಮಗಳು ಕೇಳಿದಳು. ಚನ್ನಪಟ್ಟಣ ಬಂದಾಗ ಮಗನ ಕೈಯಲ್ಲಿದ್ದ ಮರದ ಬುಗುರಿ ತೋರಿಸಿ, "ನಿನ್ನ ಬುಗುರಿ ಹುಟ್ಟಿದ ಊರು ಇದು," ಅಂದೆ. ಬುಗುರಿಯನ್ನು ಕಿಟಕಿಗೆ ಹಿಡಿದು ಅದಕ್ಕೆ ಊರು ತೋರಿಸಿದ.

ಮದ್ದೂರಿನ ಹತ್ತಿರ ವಡೆಯವರು ಬಂದರು. "ವಡೇ ವಡೇ, ಮದ್ದೂರ್ ವಡೇ" ಅನ್ನೋ ಆ ಕೂಗಿಗೆ ಮಗ ಸೀಟಿನ ಮೇಲೆ ಎದ್ದು ನಿಂತ. ಮದ್ದೂರು ವಡೆ ಉದ್ದಿನದಲ್ಲ. ರವೆ, ಅಕ್ಕಿ ಹಿಟ್ಟು, ಮೈದಾಗೆ ಈರುಳ್ಳಿ ಹಾಕಿ ಮಾಡೋದು. ಅಂಚು ಗರಿಗರಿ, ಮಧ್ಯ ಸ್ವಲ್ಪ ಮೆತ್ತಗೆ. ಮಕ್ಕಳಿಗೆ ಅಂಚು, ಮಧ್ಯದ್ದು ನಮಗೆ.

ಶ್ರೀರಂಗಪಟ್ಟಣಕ್ಕೆ ಮುಂಚೆ ಒಂದು ಸಲ, ದಾಟಿದ ಮೇಲೆ ಇನ್ನೊಂದು ಸಲ ರೈಲು ಕಾವೇರಿಯನ್ನು ದಾಟುತ್ತದೆ. ಊರು ದ್ವೀಪ ಅಲ್ವಾ, ಅದಕ್ಕೆ. ಇದೇ ರೈಲು ಹಳಿ ಜೋಡಿ ಮಾಡುವಾಗ ಅಡ್ಡ ಬಂದ ಟಿಪ್ಪು ಕಾಲದ ಮದ್ದುಗುಂಡಿನ ಮನೆಯನ್ನು ಒಡೆಯದೆ, 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಅದನ್ನು ನಮ್ಮನೆಯವರು ಮಗಳಿಗೆ ಹೇಳುತ್ತಿದ್ದರು. ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅಪ್ಪಾ, ನಮ್ಮನೇನೂ ಹಾಗೇ ಎತ್ತಿ ಸ್ಕೂಲ್ ಪಕ್ಕ ಇಡಬಹುದಾ?" ಅಂದಳು. ಎದುರು ಸೀಟಿನ ಅಜ್ಜಿ ನಕ್ಕುಬಿಟ್ಟರು. ಆಮೇಲೆ ಮೈಸೂರುವರೆಗೂ ಅವಳ ಮಾತೆಲ್ಲ ಆ ಅಜ್ಜಿಯ ಜೊತೆಗೇ.

ರೈಲು ಮ್ಯೂಸಿಯಂ ನಿಲ್ದಾಣಕ್ಕೆ ತೀರಾ ಹತ್ತಿರ, ಕೆಆರ್‌ಎಸ್ ರಸ್ತೆಯಲ್ಲಿ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎದುರಿಗೆ. 1979ರಲ್ಲಿ ಶುರುವಾಗಿದ್ದು. ಹಳೇ ಉಗಿಬಂಡಿಗಳು ಬಯಲಲ್ಲೇ ನಿಂತಿವೆ. ಮಗ ಮೊದಲ ಎಂಜಿನ್ ಮುಂದೆ ನಿಂತವನು ಅಲ್ಲಾಡಲಿಲ್ಲ. ಚಕ್ರ ಅವನಿಗಿಂತ ಎತ್ತರ. ತಲೆ ಎತ್ತಿ ನೋಡಿದ, ಚಕ್ರದ ಕಡ್ಡಿಯನ್ನು ಮುಟ್ಟಿದ, ಕೈ ನೋಡಿಕೊಂಡ, ಮತ್ತೆ ಮುಟ್ಟಿದ. "ಇಂತಹದ್ದು ಇನ್ನೂ ಇವೆ ಬಾರೋ," ಅಂತ ಕರೆಯೋಕೆ ಹೊರಟವಳು ಸುಮ್ಮನಾದೆ. ಕರೆದಿದ್ದರೆ ಮತ್ತೆ ಹಳೇ ತಪ್ಪೇ ಆಗುತ್ತಿತ್ತು. ಹದಿನೈದು ನಿಮಿಷ ಆ ಒಂದೇ ಚಕ್ರದ ಹತ್ತಿರ ಇದ್ದೆವು. ಅಷ್ಟರಲ್ಲಿ ಮಗಳು ಅಪ್ಪನ ಜೊತೆ ಹೋಗಿ 1899ರ ಮಹಾರಾಣಿಯ ಸಲೂನ್ ಬೋಗಿ ನೋಡಿ ಬಂದಳು. ಓಡಿ ಬಂದು ಹೇಳಿದ್ದು, "ಅಮ್ಮಾ, ರಾಣಿಗೂ ರೈಲಲ್ಲಿ ಬಾತ್‌ರೂಮ್ ಇತ್ತು!"

ಹನ್ನೆರಡಕ್ಕೆ ಮರದ ನೆರಳಲ್ಲಿ ಸೀರೆ ಹಾಸಿ ಮೊಸರನ್ನ ತಿಂದೆವು. ಡಬ್ಬಿಯಲ್ಲಿ ಒಂದು ಅಗುಳೂ ಉಳಿಯಲಿಲ್ಲ. ಮಧ್ಯಾಹ್ನದ ರೈಲು ಹತ್ತಿ ಮಗನನ್ನು ಅವನ ಸೀಟಿನ ಮೇಲೇ ಸೀರೆ ಹೊದಿಸಿ ಮಲಗಿಸಿದೆ. ಮಂಡ್ಯಕ್ಕೆ ಮುಂಚೆಯೇ ಬೆರಳು ನಿಂತಿತು. ಕೆಂಗೇರಿ ಬಂದಾಗಲೇ ಎದ್ದಿದ್ದು. ಸಂಜೆ ಕಾಫಿ ಹೊತ್ತಿಗೆ ಮನೆಯಲ್ಲಿದ್ದೆವು.

ಮೃಗಾಲಯಕ್ಕೂ ಆಮೇಲೆ ಇದೇ ಥರ ಹೋಗಿ ಬಂದೆವು. ಮಂಗಳವಾರ ರಜೆ, ಭಾನುವಾರ ಜಾತ್ರೆ. ನಾವು ಹೋಗಿದ್ದು ಒಂದು ಬುಧವಾರ, ಇವರು ಆಫೀಸಿಗೆ ರಜೆ ಹಾಕಿದ್ದರು. ಮುಂದಿನದು ಎಲ್ಲಿಗೆ ಅನ್ನೋದು ಈಗ ಮನೆಯ ಚರ್ಚೆ. ಮಗಳಿಗೆ ದೋಣಿಯಲ್ಲಿ ಕೂತು ಮೊಸಳೆ ನೋಡಬೇಕು, ಮಗನಿಗೆ ಮತ್ತೆ ರೈಲೇ ಬೇಕು. ರಂಗನತಿಟ್ಟಿಗೆ ಹೋದರೆ ಎರಡೂ ಆಗುತ್ತೆ. ಶ್ರೀರಂಗಪಟ್ಟಣದಲ್ಲಿ ಇಳಿದರೆ 3–4 ಕಿ.ಮೀ., ಆಟೋ ಸಿಗುತ್ತೆ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ಹಾಗಾಗಿ ಫೆಬ್ರವರಿಗೆ ಅಂದುಕೊಂಡಿದ್ದೇವೆ. ಈ ಸಲ ಅತ್ತೆಯೂ ಬರುತ್ತಾರಂತೆ. ಹಾಗಾದರೆ ಬ್ಯಾಗಿಗೆ ಸೀರೆ ಬೇಡ ಅಂದೆ. "ಅಜ್ಜೀನೂ ಬೇಕು, ಸೀರೇನೂ ಬೇಕು," ಅಂತ ಮಗ ಈಗಲೇ ಅದನ್ನು ತಂದು ಬ್ಯಾಗಿಗೆ ತುರುಕಿಟ್ಟಿದ್ದಾನೆ.